ಅಳಿಸಿದ ಒಂದು ಸಾಲು

ಮಂಗಳವಾರ, ಜೂನ್ ೧೧

ಅಮ್ಮಾ,

ಕ್ಷೇಮ ಸಮಾಚಾರ ವಿಚಾರಿಸುವ ತಾಳ್ಮೆ ಇವತ್ತು ನನಗಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಕೊನೆಯ ತನಕ ಓದು.

ಅಂತರ್ಜಾಲದ ವಿಶ್ವಕೋಶದಲ್ಲಿ ನಿನ್ನ ಮಂಡಿನೋವಿನ ಮಾತ್ರೆಗೆ ಒಂದು ಪುಟವಿದೆ. ನಿನ್ನದು ಎಂದೇ ಬರೆಯುತ್ತೇನೆ. ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ ಅದನ್ನು ನನಗಿಂತ ಹೆಚ್ಚು ಮುದ್ದಿನಿಂದ ಬೆಳೆಸಿದ್ದೀಯ. ಆ ಪುಟದಲ್ಲಿ ಒಂದು ಸಾಲಿತ್ತು: ಬಹಳ ತಿಂಗಳು ತೆಗೆದುಕೊಂಡರೆ ಕೆಲವರ ಕಿವಿಗೆ ಹಾನಿಯಾಗಬಹುದು, ಕಿವಿ ಗುಂಯ್ ಎಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ಆಧಾರ, ನಿನ್ನ ಹಳೆಯ ವಿದ್ಯಾರ್ಥಿನಿಯ ಪ್ರಬಂಧ. ಜನವರಿಯಲ್ಲಿ 'ಸಂಜೆಯ ಓದುಗ' ಎಂಬ ಹೆಸರಿನವರು ಅದನ್ನು ಅಳಿಸಿದರು. ಯಾರೋ ಮತ್ತೆ ಹಾಕಿದರು. ಮತ್ತೆ ಅಳಿಸಿದರು. ಹೀಗೆ ಮೂರು ಸಲ.

ಅಲ್ಲಿ ಏನು ಅಳಿಸಿದರೂ ಕಾರಣ ಬರೆಯುತ್ತಾರೆ, ಅದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಮೂರು ಸಲವೂ ಒಂದೇ ಕಾರಣ: "ಆಧಾರ ಸಾಲದು. ಮತ್ತೆ ಕೂತು ಓದಿ." ನನ್ನ ಶಾಲೆಯ ಪುಸ್ತಕಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇದನ್ನೇ ಗೀಚುತ್ತಿದ್ದವಳು ನೀನು. ವಿದ್ಯಾರ್ಥಿಗಳು ಬೆನ್ನ ಹಿಂದೆ ನಿನ್ನನ್ನು 'ಸಾಲದು ಮೇಡಂ' ಎನ್ನುತ್ತಾರೆ, ಗೊತ್ತೇ?

ಭಾನುವಾರ ಕೇಳಿದಾಗ ನಿನಗೆ ನಾಚಿಕೆಯೂ ಆಗಲಿಲ್ಲ. "ಹೂಂ ಕಣೇ, ನಾನೇ. ಆ ಮಾತ್ರೆ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹುಡುಗಿ ಪ್ರಬಂಧಕ್ಕೆ ನೋಡಿದ್ದು ಬರೀ ನಲವತ್ತು ಜನಾನ" ಅಂದೆ. ಇರಬಹುದು. ಹಾಗಿದ್ದರೆ ಪುಟದ ಚರ್ಚೆಯ ಜಾಗದಲ್ಲಿ ಹೆಸರು ಹಾಕಿ, ಇದು ನನ್ನದೇ ಕೆಲಸ, ನನ್ನ ತಕರಾರು ಹೀಗಿದೆ ಎಂದು ಬರೆದು ತೀರ್ಮಾನವನ್ನು ಬೇರೆಯವರಿಗೆ ಬಿಡಬೇಕಿತ್ತು. ಪರಿಚಯದವರ ಪ್ರಬಂಧ ಪರಿಶೀಲನೆಗೆ ಬಂದರೆ 'ನಾನು ನೋಡುವಂತಿಲ್ಲ' ಎಂದು ಹಿಂದಕ್ಕೆ ಕಳಿಸುವವಳು ನೀನು. ಕದ್ದುಮುಚ್ಚಿ ಒರೆಸುವಂಥ ಗತಿ ನಿನಗೇನು ಬಂದಿತ್ತು?

ಭಾನುವಾರ ನಾನೂ ಒಂದು ಮಾತು ನುಂಗಿಕೊಂಡೆ. ಚಿಕ್ಕಮ್ಮ ಹತ್ತು ತಿಂಗಳು ಅದೇ ಮಾತ್ರೆ ತೆಗೆದುಕೊಂಡಿದ್ದಾಳೆ. ಅಕ್ಕನ ಮಾತ್ರೆ ಎಂಬ ಹೆಮ್ಮೆ ಬೇರೆ. ಫೆಬ್ರವರಿಯಲ್ಲಿ ಎಡಗಿವಿ ಗುಂಯ್ ಎನ್ನತೊಡಗಿದಾಗ ಆ ಪುಟ ತೆರೆದು ನೋಡಿದಳಂತೆ. "ಕಿವಿ ವಿಷಯ ಎಲ್ಲೂ ಇರ್ಲಿಲ್ಲ, ವಯಸ್ಸಾಯ್ತು ಅಂದ್ಕೊಂಡೆ" ಅಂದಳು. ಇನ್ನೂ ನಾಲ್ಕು ತಿಂಗಳು ನುಂಗಿದಳು.

ಹೋದ ವಾರ ಅವಳ ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದೆ. ಒಂದು ಹಳೆಯ ಕೈಗಡಿಯಾರ ಜೋಡಿಸಿ, ಅಭ್ಯಾಸದಂತೆ ಎಡಗಿವಿಗೆ ಹಿಡಿದಳು. ಓಡುತ್ತಿಲ್ಲವೆಂದು ಮತ್ತೆ ಬಿಚ್ಚಲು ಹೊರಟಳು. ಮುಳ್ಳು ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆ ಕಿವಿ ಇನ್ನು ಬರುವುದಿಲ್ಲ ಎಂದಿದ್ದಾರೆ ವೈದ್ಯರು. ಅಕ್ಕನಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಎಂದು ಆಣೆ ಹಾಕಿಸಿಕೊಂಡಳು. ಮುರಿದಿದ್ದೇನೆ. ಅಂಗಡಿಯಿಂದ ಬಂದವಳೇ ಆ ಪುಟದ ಇತಿಹಾಸ ತೆರೆದೆ.

ಮಾತ್ರೆಯಿಂದಲೇ ಆಯಿತೆನ್ನಲು ಆಧಾರ ಸಾಲದು ಎನ್ನುತ್ತೀಯ. ಅನ್ನು. ಅವಳ ಅಂಗಡಿಗೆ ಹೋಗಿ ಅನ್ನು. ಬಲಗಡೆ ನಿಂತು ಅನ್ನು, ಆಗ ಕೇಳಿಸುತ್ತದೆ.

ಒಂದು ವಾರ ಕಾಯುತ್ತೇನೆ. ಚರ್ಚೆಯ ಜಾಗದಲ್ಲಿ ನೀನೇ ಒಪ್ಪಿಕೋ. ಇಲ್ಲವಾದರೆ ನಾನು ಬರೆಯುತ್ತೇನೆ, ನೀನು ನನ್ನ ಅಮ್ಮ ಎಂಬುದನ್ನೂ ಸೇರಿಸಿ.

ಇನ್ನೂ ನಿನ್ನವಳೇ ಆದ,
ತರ್ಲೆ

ಮರೆತಿದ್ದೆ: ಅದೇ ವಿಶ್ವಕೋಶದಲ್ಲಿ ನಿನ್ನ ಬಗ್ಗೆಯೂ ಒಂದು ಪುಟವಿದೆಯಲ್ಲ, ಯಾರೋ ಅಪರಿಚಿತರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಮುದ್ರಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೀಯಲ್ಲ, ಅದನ್ನು ಬರೆದವಳು ನಾನು. ಹದಿನಾರನೇ ವಯಸ್ಸಿನಲ್ಲಿ, ಸುಳ್ಳು ಹೆಸರಿನಲ್ಲಿ. ಇವತ್ತು ಬೆಳಿಗ್ಗೆ ಅದರ ಚರ್ಚೆಯ ಜಾಗದಲ್ಲಿ ನನ್ನ ನಿಜವಾದ ಹೆಸರು ಹಾಕಿ, ನಾನು ಇವರ ಮಗಳು ಎಂದು ಬರೆದೆ. ಮನೆಯವರ ಬಗ್ಗೆ ಹೀಗೆ ಗುಟ್ಟಾಗಿ ಬರೆಯುವಂತಿಲ್ಲ, ಆ ಪುಟವನ್ನು ವಿಶ್ವಕೋಶದವರು ತೆಗೆದರೂ ತೆಗೆದಾರು. ಗಾಜಿನಡಿಯ ಹಾಳೆಯನ್ನು ನೀನು ತೆಗೆಯಬೇಡ.