ಎಡಗಡೆಯ ಪರದೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಅಲ್ಲಿಯ ಕುರ್ಚಿ ಎತ್ತರವೋ ತಗ್ಗೋ ನನಗೇನು ಗೊತ್ತು. ತಗ್ಗಾಗಿದ್ದರೆ ಒಂದು ದಿಂಬು ಹಾಕಿಕೊಂಡು ಕೂರು, ನಾಚಿಕೆ ಪಡಬೇಡ. ಕೆಲಸದ ಮೇಜಿನ ಮೇಲೆಯೇ ಊಟ ಮುಗಿಸುವ ನಿನ್ನ ಅಭ್ಯಾಸ ಅಲ್ಲಿಯೂ ಮುಂದುವರಿದಿದ್ದರೆ ಕೀಬೋರ್ಡಿನೊಳಗೆ ಇಷ್ಟು ಹೊತ್ತಿಗೆ ಇರುವೆಗಳು ಸಂಸಾರ ಹೂಡಿರಬೇಕು. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿ ನೋಯುತ್ತದೆ, ಕನ್ನಡಕದ ನಂಬರು ಬದಲಾಗಿದೆ, ಅಷ್ಟೇ. ನಿನ್ನ ವಿಳಾಸ ಕೊಟ್ಟವರು ಪ್ರೆಸ್ಸಿನ ಯಜಮಾನರು. ನೀನು ಕೊಟ್ಟದ್ದಲ್ಲ ಎಂಬುದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು, ನಾಲ್ಕೈದು ಸಲ ಕೈಗೆತ್ತಿಕೊಂಡು ಇಟ್ಟೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಏನೆಂದರೆ, ನಮ್ಮ ಕಂಪ್ಯೂಟರ್‌ಗೆ ದೆವ್ವ ಹಿಡಿದಿತ್ತು. ನೀನು ಆ ಊರಿನ ಕೆಲಸಕ್ಕೆ ಹೋದ ಮೇಲೆ ನಾಲ್ಕು ತಿಂಗಳು ನಾನು ಅದರ ತಂಟೆಗೇ ಹೋಗಲಿಲ್ಲ. ಕರಡನ್ನೆಲ್ಲ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಹೋದ ತಿಂಗಳು ಯಜಮಾನರು ನಿಘಂಟಿನ ಕೆಲಸ ತಂದು, ಇನ್ನು ಕಂಪ್ಯೂಟರ್‌ನಲ್ಲೇ ತಿದ್ದಬೇಕು ಎಂದರು. ಹನ್ನೆರಡು ವರ್ಷ ಒಂದೇ ಮೇಜಿಗೆ, ಒಂದೇ ಕಂಪ್ಯೂಟರ್‌ನ ಎರಡು ಪರದೆಗಳ ಮುಂದೆ ಕೂತರೂ ಮೌಸ್ ಇದ್ದದ್ದು ನಿನ್ನ ಕೈಯಲ್ಲಿ. ಬಲಗಡೆಯ ಪರದೆಯಲ್ಲಿದ್ದ ಮೂಲವನ್ನು ಗಟ್ಟಿಯಾಗಿ ಓದುವವಳು ನಾನು, ಎಡಗಡೆಯದರಲ್ಲಿ ತಿದ್ದುವವಳು ನೀನು. ಈಗಲೂ ನಾನು ಬಾಯಿ ಬಿಟ್ಟೇ ಓದುತ್ತೇನೆ. ‘ಅಲ್ಪವಿರಾಮ’ ಎಂದು ಹೇಳಿ ನಿನ್ನ ಕೀಲಿಯ ಟಕ್ ಸದ್ದಿಗೆ ಕಾಯುತ್ತೇನೆ. ಆಮೇಲೆ ನೆನಪಾಗಿ ನಾನೇ ಒತ್ತುತ್ತೇನೆ. ಇಡೀ ದಿನದಲ್ಲಿ ಈ ಮನೆಯಲ್ಲಿ ಕೇಳುವ ಮಾತು ಅದೊಂದೇ, ಅಲ್ಪವಿರಾಮ, ಪೂರ್ಣವಿರಾಮ. ಎರಡು ಕೋಣೆಯ ಮನೆ ಇಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ.

ದೆವ್ವದ ಚೇಷ್ಟೆ ಕೇಳು. ಮೌಸ್‌ನ ಬಾಣ ಎಡ ಅಂಚಿಗೆ ಹೋದರೆ ಮಾಯ. ಮೇಜು ಒರೆಸಿದೆ, ವೈರು ಎಳೆದೆ, ಕೊನೆಗೆ ಹೊಸ ಮೌಸನ್ನೇ ತಂದೆ. ಅದೂ ಅದೇ ದಾರಿ ಹಿಡಿಯಿತು. ಫೈಲು ಒತ್ತಿದರೆ ತೆರೆದ ಸದ್ದು ಬರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಮತ್ತೆ ಒತ್ತು, ಮತ್ತೆ ಸದ್ದು. ನಿಮ್ಮ ಫೈಲೇ ಖಾಲಿ ಎಂದು ಯಜಮಾನರ ಮೇಲೆ ಹರಿಹಾಯ್ದೆ. ಪಾಪ, ಮೂರು ಸಲ ಕಳಿಸಿದರು. ನಾಲ್ಕನೇ ಸಲ ರಿಪೇರಿಯವರನ್ನೇ ಕಳಿಸಿದರು. ಅವರು ಇವತ್ತು ಬೆಳಗ್ಗೆ ಬಂದಿದ್ದರು. ಮಿತಭಾಷಿ ಮನುಷ್ಯ, ಬಾಗಿಲಲ್ಲೇ ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದರು. ಎರಡು ನಿಮಿಷ ನೋಡಿ, ಎಡಗಡೆ ಹೊದಿಕೆಯ ಕೆಳಗಿರೋದೇನು ಎಂದು ಕೇಳಿದರು.

ಅದು ನಿನ್ನ ಪರದೆ. ಹೊದಿಸಿದ್ದು ನಾನೇ. ನೀನು ಹೋದ ದಿನ ನಾನು ಮಾರುಕಟ್ಟೆಗೆಂದು ಹೊರಗೆ ಹೋದದ್ದು ತರಕಾರಿಗಲ್ಲ, ನಿನಗೂ ಗೊತ್ತು. ನೀನು ಪೆಟ್ಟಿಗೆ ಕಟ್ಟುವುದನ್ನು ನೋಡಲಾರದೆ ಹೋದೆ. ‘ಹೋಗೋದಾದ್ರೆ ಹೋಗು, ಈ ಮನೆ ನಿನ್ನ ದಾರಿ ಕಾಯ್ತಾ ಕೂರಲ್ಲ’ ಎಂದು ಹಿಂದಿನ ದಿನ ಅಂದಿದ್ದೆನಲ್ಲ, ಮಾರುಕಟ್ಟೆ ಸುತ್ತುವಾಗಲೆಲ್ಲ ಅದನ್ನೇ ನೆನೆಯುತ್ತಿದ್ದೆ. ನಾಲ್ಕೂವರೆಗೆ ವಾಪಸು ಬಂದಾಗ ನೀನಿರಲಿಲ್ಲ. ಎಷ್ಟೇ ಜಗಳವಾದರೂ, ಮೂರು ದಿನ ಮಾತು ಬಿಟ್ಟಿದ್ದರೂ, ನನ್ನ ಪರದೆಯ ಮೂಲೆಯಲ್ಲಿ ನೀನು ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿದ ಹಳದಿ ಚೀಟಿಯೊಂದನ್ನು ತೆರೆದಿಡುತ್ತಿದ್ದೆ. ‘ಹಾಲು ಮುಗಿದಿದೆ.’ ‘ಮಾತ್ರೆ ನುಂಗು, ಮಾತಾಡದಿದ್ದರೂ ಪರವಾಗಿಲ್ಲ.’ ಅವತ್ತು ನೋಡಿದರೆ ಅಚ್ಚಿಗೆ ಹೋಗಬೇಕಾದ ಪುಟ ಇಡೀ ಪರದೆ ತುಂಬಿತ್ತು, ಚೀಟಿ ಇರಲಿಲ್ಲ. ಒಂದು ಮಾತೂ ಬಿಡದೆ ಹೋದಳಲ್ಲ ಎಂದು ಮೈಯೆಲ್ಲ ಉರಿಯಿತು. ಮುಖ ಆ ಕಡೆ ತಿರುಗಿಸದೆಯೇ ಕೈ ಚಾಚಿ ನಿನ್ನ ಪರದೆಯ ಗುಂಡಿ ಒತ್ತಿ ಆರಿಸಿದೆ, ಹಳೆಯ ಬೆಡ್‌ಶೀಟು ಹೊದಿಸಿದೆ. ಐದು ತಿಂಗಳಾಯಿತು. ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ದೊಡ್ಡವಳು ನಾನೇ ಮೊದಲು ಸೋಲಬೇಕೇ ಎಂಬ ಹಟ ನನ್ನದು.

ರಿಪೇರಿಯವರು ಹೇಳಿದ್ದು ಇಷ್ಟೇ. ‘ಆರಿಸಿದ್ದು ನೀವು ಅಮ್ಮಾ, ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಪಕ್ಕದಲ್ಲಿ ಇನ್ನೂ ಒಬ್ಬರಿದ್ದಾರೆ. ಎಲ್ಲಾ ಅಲ್ಲೇ ತೆಗೆದಿಡ್ತಿದೆ.’ ಒಬ್ಬರೇ ಕೆಲಸ ಮಾಡೋದಾದ್ರೆ ಕೇಬಲ್ ಕಿತ್ತುಬಿಡ್ತೀನಿ, ಎಲ್ಲಾ ನಿಮ್ಮ ಪರದೆಗೇ ಬರುತ್ತೆ ಎಂದು ಕೈ ಹಾಕಿದರು. ನಾನು ಬೇಡ ಎಂದ ರಭಸಕ್ಕೆ ಆ ಮನುಷ್ಯ ಬೆಚ್ಚಿಬಿದ್ದರು. ಯಾಕೆ ಅಷ್ಟು ಜೋರಾಗಿ ಹೇಳಿದೆನೋ ನನಗೂ ತಿಳಿಯಲಿಲ್ಲ. ಸರಿ, ಬೆಡ್‌ಶೀಟು ತೆಗೆದು ಗುಂಡಿ ಒತ್ತಿದರು. ಎಲ್ಲವೂ ಕೆಂಪು ಕೆಂಪಾಗಿ ಬಂತು. ಕೇಬಲ್ ಅರ್ಧ ಕಿತ್ತು ಬಂದಿತ್ತು, ನನ್ನ ಪೊರಕೆಯ ಕೆಲಸ. ಒತ್ತಿ ಕೂರಿಸಿ ತಿರುಪು ಬಿಗಿದ ಮೇಲೆ ಬಣ್ಣ ನೆಟ್ಟಗಾಯಿತು. ನಾನು ಖಾಲಿ ಎಂದು ಬೈದ ಫೈಲುಗಳೆಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಒಂದೇ ಫೈಲು ಹನ್ನೊಂದು ಸಲ. ನಿಧಾನವಾಗಿ ಒಂದೊಂದೇ ಮುಚ್ಚಿ ಎಂದು ಹೇಳಿ ಹೋದರು. ಇನ್ನೂ ಮುಚ್ಚಿಲ್ಲ, ಮೊದಲು ಈ ಕಾಗದ ಬರೆದು ಮುಗಿಸೋಣ ಎಂದು ಕೂತೆ.

ಬರೆದ ಕಾರಣ ಇದು. ಆ ಪರದೆ ನಿನ್ನ ಸ್ವಂತ ಸಂಪಾದನೆಯದು. ಬೇಕಿದ್ದರೆ ಹೇಳು, ಯಜಮಾನರ ಪುಸ್ತಕದ ಕಟ್ಟುಗಳ ಜೊತೆ ಭದ್ರವಾಗಿ ಕಟ್ಟಿ ಕಳಿಸುತ್ತೇನೆ. ನನಗೇನೂ ತೊಂದರೆಯಿಲ್ಲ, ಒಂದರಲ್ಲೇ ನಿಭಾಯಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣಿಗೆ ಆಗಾಗ ತಣ್ಣೀರು ಹಾಕಿಕೋ. ಒಳ್ಳೆಯದಾಗಲಿ ನಿನಗೆ.

ಇಂತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಗುಬ್ಬಿ, ಲಕೋಟೆ ಅಂಟಿಸುವ ಮೊದಲು ಆ ಹನ್ನೊಂದನ್ನೂ ಮುಚ್ಚಿದೆ. ಎಲ್ಲದರ ಕೆಳಗೆ ನಿನ್ನ ಹಳದಿ ಚೀಟಿ ಇದೆ. ‘ಅಕ್ಕಾ, ನಿನ್ನ ಪರದೆಯಲ್ಲಿ ಅಚ್ಚಿನ ಪುಟ ಇದೆ, ಅದನ್ನ ಮುಟ್ಟಬಾರದು ಅಂತ ನನ್ನದರಲ್ಲಿ ಬರೆದಿದ್ದೀನಿ. ಐದೂವರೆ ಬಸ್ಸು. ನಿಲ್ದಾಣಕ್ಕೆ ಬಂದು ಒಂದ್ಸಲ ಹೋಗಿ ಬಾ ಅನ್ನು, ಸಾಕು. ಬರದಿದ್ರೆ ಕೋಪ ಇಳಿದಿಲ್ಲ ಅಂದ್ಕೋತೀನಿ, ನೀನಾಗಿ ಬರೆಯೋ ತನಕ ಕಾಡಲ್ಲ.’ ನಾಲ್ಕೂವರೆಗೆ ಮನೆಯಲ್ಲಿದ್ದೆ ಕಣೇ. ನಡೆದು ಬಂದರೂ ಇಪ್ಪತ್ತೇ ನಿಮಿಷ. ನೀನು ಅಲ್ಲಿ ಎಷ್ಟು ಹೊತ್ತು ದಾರಿ ನೋಡಿದೆಯೋ! ಮೇಲೆ ಬರೆದದ್ದೆಲ್ಲ ಹಾಳಾಗಲಿ. ಪರದೆ ಕಳಿಸುವುದಿಲ್ಲ, ಅದು ಇಲ್ಲೇ ಉರಿಯುತ್ತಿರಲಿ. ಬರುವ ಶನಿವಾರ ಅದೇ ಐದೂವರೆ ಬಸ್ಸಿಗೆ ನಾನು ಹೊರಡುತ್ತೇನೆ, ಭಾನುವಾರ ಬೆಳಗ್ಗೆ ನಿನ್ನ ಊರು ತಲುಪುತ್ತದಂತೆ. ನಿಲ್ದಾಣಕ್ಕೆ ಬಾ. ನನ್ನ ಹಾಗೆ ಮಾಡಬೇಡ.