ಕಾಲರಿನ ಒಳಗಿನ ಕೆಂಪು ಹೊಲಿಗೆ

ಫೆಬ್ರವರಿ ೪, ಬೆಳಿಗ್ಗೆ ೬.೩೦

ಬಟ್ಟೆಗೆ ಗಂಜಿ ಕದಡಿದ್ದಾಯಿತು. ಹೋಟೆಲಿನ ಮೇಜುಬಟ್ಟೆ ನೆನೆಸಿದ್ದಾಯಿತು. ಬಾಯ್ಲರ್ ಎಂದಿನಂತೆ ಮುನಿಸಿಕೊಂಡಿದೆ. ಇವರು ಅದರ ಮುಂದೆ ಕೂತು ಪುಸಲಾಯಿಸುತ್ತಿದ್ದಾರೆ. ಮದುವೆಯಾದ ಹೊಸತರಲ್ಲೂ ನನ್ನನ್ನು ಇಷ್ಟು ಪುಸಲಾಯಿಸಿದವರಲ್ಲ.

ನಿನ್ನೆ ಬೋರ್ಡ್ ಬಂತು. ಇವರು ಸೋಪಿನ ಪುಡಿ ತರಲು ಹೋದ ಹೊತ್ತು ನೋಡಿ ಪೇಂಟರ್ ಕೈಲಿ ಹಾಕಿಸಿಬಿಟ್ಟೆ. ಲಾಂಡ್ರಿ ಶುರುವಾಗಿ ಮೂರು ತಿಂಗಳು, ಇನ್ನೂ ಹೆಸರಿಲ್ಲ ಅಂದರೆ! ಈಗ ನೀಲಿ ಹಲಗೆ, ಬಿಳಿ ಅಕ್ಷರ — ನಮ್ಮ ಅಕ್ಷರದಲ್ಲೇ, ಪರದೇಶದ ಮಾತು. ಹತ್ತೊಂಬತ್ತು ವರ್ಷ ಹೊರದೇಶದ ದೊಡ್ಡ ಲಾಂಡ್ರಿಯಲ್ಲಿ ದುಡಿದ ಇವರು ಪ್ರತಿ ಫೋನಿನಲ್ಲೂ ನನ್ನನ್ನು ಕರೆದ ಮಾತು. ಅಲ್ಲಿಯ ಭಾಷೆಯಲ್ಲಿ 'ಮುದ್ದು' ಅಂತ.

ಬಂದರು. ನೋಡಿದರು. ಸೈಕಲ್ಲಿನಿಂದ ಇಳಿಯುವುದನ್ನೇ ಮರೆತರು.

"ಚೆನ್ನಾಗಿದೆ" ಅಂದರು. ಕಣ್ಣಲ್ಲಿ ನೀರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಫೆಬ್ರವರಿ ೯

ಬಟ್ಟೆ ಅದಲುಬದಲಾಗಬಾರದೆಂದು ಕಾಲರಿನ ಒಳಗೆ ಗುರುತು ಹೊಲಿಯುವುದು ನನ್ನ ಕೆಲಸ. ಇಷ್ಟು ದಿನ ಬರೀ ನಂಬರ್. ಈಗ ಕೆಂಪು ದಾರದಲ್ಲಿ ಲಾಂಡ್ರಿಯ ಹೆಸರೂ.

"ಅಷ್ಟುದ್ದ ಯಾಕೆ ಹೊಲಿತೀಯಾ? ಕಣ್ಣು ಹಾಳಾಗತ್ತೆ. ನಂಬರ್ ಸಾಕಲ್ವಾ?"

"ಹಾಳಾದ್ರೆ ನನ್ನ ಕಣ್ಣು ತಾನೇ" ಅಂದೆ. ಬಾಯ್ಲರ್ ಕಡೆ ತಿರುಗಿದರು.

ಹಿಂದಿನ ಬೀದಿಯವರ ಬಟ್ಟೆಯೇ ಈಗ ಜಾಸ್ತಿ. ಶೂ ಫ್ಯಾಕ್ಟರಿಯಲ್ಲಿ ಕೆಲಸ, ಒಬ್ಬೊಬ್ಬರದೂ ಎರಡು ಜೊತೆ ಯೂನಿಫಾರ್ಮ್. ಇವರು ದುಡಿದ ಅದೇ ದೇಶ ಬಿಟ್ಟು ಇಲ್ಲಿ ಬಂದು ನೆಲೆಸಿದವರು. ಆದರೂ ಇವರು ಅವರ ಜೊತೆ ಅವರ ಭಾಷೆಯಲ್ಲಿ ತುಟಿ ಬಿಚ್ಚುವುದಿಲ್ಲ. ಕೇಳಿದರೆ "ಮರೆತೋಯ್ತು" ಅಂತಾರೆ. ಹತ್ತೊಂಬತ್ತು ವರ್ಷದ್ದು ಮೂರು ತಿಂಗಳಲ್ಲಿ ಮರೆಯುತ್ತದೆಯೇ?

ಫೆಬ್ರವರಿ ೨೧, ಮಧ್ಯಾಹ್ನ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಕನ್ನಡಕದಮ್ಮ ಬಂದರು. ಹಿಂದಿನ ಬೀದಿಯವರು, ತಮ್ಮ ದೇಶದಲ್ಲಿ ಟೀಚರ್ ಆಗಿದ್ದವರು, ಇಲ್ಲಿ ಶೂಗಳ ಅಟ್ಟೆಗೆ ಗೋಂದು ಬಳಿಯುತ್ತಾರೆ. ಜೊತೆಗೆ ಏಳೆಂಟು ಹೆಂಗಸರು, ಮಗಳು. ಮಗಳ ಸ್ಕೂಲ್ ಶರ್ಟನ್ನು ಕೌಂಟರ್ ಮೇಲಿಟ್ಟು ಕಾಲರ್ ಮಗುಚಿದರು.

"ಇದನ್ನ ಬಿಚ್ಚಿ."

"ಯಾಕಮ್ಮಾ? ಬಟ್ಟೆ ಕಳ್ದೋದ್ರೆ?"

"ಕಳೀಲಿ. ಈ ಮಾತು ನನ್ನ ಮಗಳ ಕುತ್ತಿಗೆ ಮೇಲೆ ಬೇಡ."

ಅವರಿಗೆ ನಮ್ಮ ಅಕ್ಷರ ಬಾರದು. ನಿನ್ನೆ ಮಗಳು ಕೂಡಿಸಿ ಕೂಡಿಸಿ ಓದಿ ಹೇಳಿದಳಂತೆ. ಆಮೇಲೆ ಬೋರ್ಡನ್ನೂ ಓದಿದಳಂತೆ. ಅರವತ್ತಮೂರು ಸಹಿ ಹಾಕಿದ ಕಾಗದ ಮುಂದಿಟ್ಟರು. ಅದೊಂದು ಹೊಲಸು ಬೈಗುಳ, ಬೋರ್ಡ್ ಇಳಿಸಬೇಕು ಅಂತ.

"ಏನ್ ಮಾತಾಡ್ತಿದೀರಾ? ಅದು ಮುದ್ದಿನ ಮಾತು! ಹತ್ತೊಂಬತ್ತು ವರ್ಷ ನಮ್ಮನೆಯವರು ನನ್ನನ್ನ ಹಾಗೇ ಕರೆದಿದಾರೆ" ಅಂದೆ.

ಹೆಂಗಸರು ಮುಖ ಮುಖ ನೋಡಿಕೊಂಡರು. ಯಾರೂ ನಗಲಿಲ್ಲ. ಕನ್ನಡಕದಮ್ಮ ನನ್ನನ್ನೇ ನೋಡಿದರು, ಅಯ್ಯೋ ಪಾಪ ಅನ್ನುವ ಹಾಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವರನ್ನೇ ಕೇಳಿ" ಅಂದರು.

ಇವರು ಬಾಯ್ಲರ್ ಹಿಂದೆ ಇದ್ದರು. ಎಲ್ಲಾ ಕೇಳಿಸಿರಲೇಬೇಕು. ಆಚೆ ಬರಲಿಲ್ಲ.

ಫೆಬ್ರವರಿ ೨೨

ಕೇಳಿದೆ.

"ತೆಗೆದುಬಿಡೋಣ ಬಿಡು. ಜನರ ಜೊತೆ ಯಾಕೆ ನಿಷ್ಠುರ."

ಅಷ್ಟೇ. ಹೌದೋ ಅಲ್ಲವೋ ಅನ್ನಲಿಲ್ಲ. ಒಂದೇ ಬೆಡ್‌ಶೀಟನ್ನು ಮೂರು ಸಲ ಮಡಿಸಿದರು.

"ಹೇಡಿ" ಅಂದೆ. ಅವರಿವರು ಬಂದು ನಮ್ಮ ಸಂಸಾರದ ಮಾತಿಗೆ ಮಸಿ ಬಳಿದರೆ ಬಾಯಿ ಮುಚ್ಚಿಕೊಂಡಿರುವ ಗಂಡಸು! ಬೋರ್ಡ್ ಇಳಿಸುವುದಿಲ್ಲ. ಏನಾದರೂ ಆಗಲಿ.

ಫೆಬ್ರವರಿ ೨೬

ಹಿಂದಿನ ಬೀದಿಯಿಂದ ಒಂದು ಕರ್ಚೀಫೂ ಬರುತ್ತಿಲ್ಲ. ಬೆಳಿಗ್ಗೆ ಬಾಗಿಲ ಕೆಳಗೆ ಒಂದು ಕವರ್. ಒಳಗೆ ಕೆಂಪು ದಾರದ ತುಣುಕುಗಳು, ಒಂದು ಹಿಡಿ. ಶರ್ಟಿನಿಂದ ಬಿಚ್ಚಿದ್ದು, ಬಟ್ಟೆಯ ಒಂದು ಎಳೆಯೂ ಹರಿದು ಬಂದಿಲ್ಲ. ನಾಜೂಕಿನ ಕೈ. ಚೀಟಿಯಿಲ್ಲ, ಬೈಗುಳವಿಲ್ಲ. ಬೈದು ಬರೆದಿದ್ದರೆ ತಿರುಗಿ ಬೈಯಬಹುದಿತ್ತು...

ಇವರ ಜೊತೆ ಮಾತು ಬಿಟ್ಟು ನಾಲ್ಕು ದಿನ.

ಮಾರ್ಚ್ ೬, ಸಂಜೆ ೪

ಹೇಳಿದರು. ಇಸ್ತ್ರಿ ಟೇಬಲ್ ಮುಂದೆ ನಿಂತು, ನನ್ನ ಮುಖ ನೋಡದೆ. ಕೈ ಇಸ್ತ್ರಿ ಮಾಡುತ್ತಲೇ ಇತ್ತು.

"ಮೊದಲ್ನೇ ಸಲ ಅಲ್ಲಿಂದ ಫೋನ್ ಮಾಡ್ದಾಗ ಹಿಂದ್ಗಡೆ ಮೇಸ್ತ್ರಿ ಕೂಗ್ತಿದ್ದ, ನೆನಪಿದ್ಯಾ? 'ಅದೇನು ನಿಮ್ಮನ್ನ ಹಾಗೆ ಕರೀತಾರೆ' ಅಂದೆ ನೀನು."

ನೆನಪಿತ್ತು. ಪಕ್ಕದ ಮನೆಯ ಫೋನು. ಅತ್ತೂ ಅತ್ತೂ ನನ್ನ ಮೂಗು ಕಟ್ಟಿತ್ತು.

"ನೀನು ಅಳ್ತಿದ್ದೆ. ಇನ್ನೇನು ಹೇಳ್ಲಿ? ಮುದ್ದು ಅಂತ, ಇಲ್ಲಿ ಎಲ್ಲಾ ಪ್ರೀತಿ ಜನ ಅಂದೆ. ನೀನು ನಕ್ಕುಬಿಟ್ಟೆ. 'ಹಾಗಾದ್ರೆ ನನ್ನನ್ನೂ ಹಾಗೇ ಕರೀರಿ' ಅಂದೆ."

ನಾನೇ ಕೇಳಿದ್ದು. ನಾನೇ.

ಅಲ್ಲಿ ಯಜಮಾನರು ಆಳುಗಳನ್ನು ಕರೆಯುವ ಮಾತಂತೆ. ಮನುಷ್ಯರ ಸಾಲಿಗೆ ಸೇರದವನು ಅಂತ. ಹಿಂದಿನ ಬೀದಿಯವರ ಅಜ್ಜ ಮುತ್ತಜ್ಜಂದಿರೂ ಅದಕ್ಕೇ ಓಗೊಟ್ಟವರಂತೆ. ಇವರನ್ನು ದಿನಕ್ಕೆ ಎಷ್ಟು ಸಲವೋ.

"ಬೆಳಗ್ಗಿಂದ ಆ ಮಾತು ಅವರ ಬಾಯಲ್ಲಿ ಕೊಳೆಯಾಗಿರ್ತಿತ್ತು. ಸಂಜೆ ನಿನ್ನನ್ನ ಹಾಗೆ ಕರೆದ್ರೆ, ನೀನು 'ಹೂಂ' ಅಂದ್ರೆ, ಒಗೆದು ಹರವಿದ ಹಾಗೆ ಆಗ್ತಿತ್ತು ಕಣೇ. ಅದಕ್ಕೇ ಬಿಡ್ಲಿಲ್ಲ. ಬೋರ್ಡ್ ನೋಡ್ದಾಗ ಹೇಳ್ಬೇಕಿತ್ತು... ನಿನ್ನ ಮುಖ ನೋಡಿ ಆಗ್ಲಿಲ್ಲ."

ಮೇಜುಬಟ್ಟೆ ಸೀದ ವಾಸನೆ. ಇಬ್ಬರೂ ಒಟ್ಟಿಗೆ ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದೆವು.

ಮೊದಲು ಸಿಟ್ಟು ಬಂದದ್ದು ಇವರ ಮೇಲೆ. ಆಮೇಲೆ ಆ ಮೇಸ್ತ್ರಿಯ ಮೇಲೆ. ಆಮೇಲೆ ನನ್ನ ಮೇಲೆ, ಹೇಡಿ ಅಂದೆನಲ್ಲ. ಹತ್ತೊಂಬತ್ತು ವರ್ಷ ಒಬ್ಬರೇ ನುಂಗಿಕೊಂಡವರನ್ನು. ಇವರ ಮೇಲೆ ಇಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ಮಾರ್ಚ್ ೭

ಬೆಳಿಗ್ಗೆ ಇಬ್ಬರೇ ಬೋರ್ಡ್ ಇಳಿಸಿದೆವು. ಆಮೇಲೆ ಸೂಜಿ, ಕತ್ತರಿ ತೆಗೆದುಕೊಂಡು ಹಿಂದಿನ ಬೀದಿಗೆ. ಒಬ್ಬಳೇ ಹೋಗುತ್ತೇನೆ ಅಂದೆ. ಇವರು ಚಪ್ಪಲಿ ಮೆಟ್ಟಿ ನಿಂತಿದ್ದರು.

ಕನ್ನಡಕದಮ್ಮ ಬಾಗಿಲು ಅರ್ಧ ತೆರೆದರು.

"ತಪ್ಪಾಯ್ತಮ್ಮಾ. ಇನ್ನೂ ಬಿಚ್ಚದ ಬಟ್ಟೆ ಇದ್ರೆ ಕೊಡಿ. ಹೊಲಿದೋಳು ನಾನು, ನಾನೇ ಬಿಚ್ತೀನಿ."

ಆಗ ಇವರು ಮಾತಾಡಿದರು. ಅವರ ಭಾಷೆಯಲ್ಲಿ, ತಡವರಿಸುತ್ತಾ. ನನಗೆ ಒಂದಕ್ಷರ ತಿಳಿಯಲಿಲ್ಲ. ಒಂದೇ ಒಂದು ಮಾತು ಬಿಟ್ಟು — ಎದೆ ಮುಟ್ಟಿಕೊಂಡು ಅದನ್ನು ಹೇಳಿದರು.

"ನಿಮ್ಮನ್ನೂನಾ?" ಅಂದರು ಕನ್ನಡಕದಮ್ಮ, ನಮ್ಮ ಭಾಷೆಯಲ್ಲೇ, ನನಗೂ ತಿಳಿಯಲಿ ಅಂತ. ಕನ್ನಡಕ ತೆಗೆದು ಒರೆಸಿದರು. ಬಾಗಿಲು ಪೂರ್ತಿ ತೆರೆದರು.

ಹೊರಡುವಾಗ ನನ್ನ ಕೈ ಹಿಡಿದು ಅಂದರು, "ನಮ್ಮಲ್ಲಿ ಒಳ್ಳೆ ಮಾತೂ ಇದೆ. ಬೇಕಾದ್ರೆ ಒಂದು ಕೊಡ್ತೀನಿ, ಬೋರ್ಡಿಗೆ."

"ಬೇಡಿ ತಾಯಿ. ಇನ್ನೊಂದ್ಸಲ ನಂಬೋ ಧೈರ್ಯ ನಂಗಿಲ್ಲ" ಅಂದೆ.

ಮೂರೂ ಜನ ನಕ್ಕೆವು.

ಮಾರ್ಚ್ ೧೨

ಬಟ್ಟೆ ಮತ್ತೆ ಬರುತ್ತಿದೆ. ಬಿಚ್ಚುವುದೂ ನಡೆದಿದೆ. ಹೊಲಿಯಲು ಐದು ನಿಮಿಷ ಸಾಕಿತ್ತು, ಬಿಚ್ಚಲು ಹದಿನೈದು.

ಹೊಸ ಫಜೀತಿ: ನನ್ನನ್ನು ಹೇಗೆ ಕರೆಯಬೇಕೋ ಇವರಿಗೆ ತಿಳಿಯುತ್ತಿಲ್ಲ. "ಏಯ್" ಅಂದರು. "ಇಲ್ನೋಡು" ಅಂದರು. ಕೆಮ್ಮಿದರು. ನಿನ್ನೆ ಬಕೆಟ್ ಬಡಿದರು.

"ಯಾಕ್ರೀ, ನನ್ನ ಹೆಸ್ರು ಮರ್ತೋಯ್ತಾ?"

"ಮರೆತಿಲ್ಲ. ನಾಚಿಕೆ ಆಗತ್ತೆ."

ಐವತ್ತು ದಾಟಿದ ಗಂಡಸು. ಕಿವಿ ಕೆಂಪಗಾಗಿತ್ತು. ಆ ಹಳೇ ಮಾತು ಇನ್ನು ಇಲ್ಲ ಅಂತ ನನಗೂ ಒಳಗೊಳಗೇ ಖಾಲಿ ಖಾಲಿ. ಬೈಗುಳವೇ ಇರಬಹುದು. ಅದಕ್ಕೆ ಕಾದು ಕೂತ ಸಂಜೆಗಳು ನನ್ನವು ತಾನೇ.

ಮಾರ್ಚ್ ೧೫, ಸಂಜೆ ೫.೧೦

ಪೇಂಟರ್ ಬಂದು ಹೊಸ ಹೆಸರು ಕೇಳಿದ. ಆಮೇಲೆ ಬಾ ಅಂದೆ. ಇನ್ನು ಹನ್ನೊಂದು ಕಾಲರ್ ಬಾಕಿ. ಬೆಳಕು ಹೋಗುವುದರೊಳಗೆ ಮುಗಿಸಬೇಕು ಅಂತ ಕಿಟಕಿಯ ಹತ್ತಿರ...

ಬಾಯ್ಲರ್ ಕಡೆಯಿಂದ ಕರೆದರು. ಹೆಸರು ಹಿಡಿದು. ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ.

ಕೇಳಿಸಿತು. ಓಗೊಡಲಿಲ್ಲ. ಇನ್ನೊಂದು ಸಲ ಕರೆಯಲಿ ಅಂತ ಸುಮ್ಮನೆ ಬರೆಯುತ್ತಾ ಕೂತಿದ್ದೇನೆ.

ಹಾಂ, ಮತ್ತೆ ಕರೆದರು —