ನಲವತ್ತು ದಿನದ ಗಡ್ಡ

ಪ್ರೀತಿಯ ಅಮ್ಮ,

ಊರವರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನಲವತ್ತು ದಿನ ಮುಖಕ್ಕೆ ಕತ್ತಿ ಮುಟ್ಟಿಸಬೇಡ ಎಂದು ನೀನು ಹೇಳಿದ್ದೆ. ಹದಿನೆಂಟನೇ ದಿನಕ್ಕೇ ಬೋಳಿಸಿದ್ದೇನೆ.

ಕಡಲ ಮೇಲಿನ ಎಣ್ಣೆಬಾವಿಯಲ್ಲಿ ಗಡ್ಡ ಬಿಡುವಂತಿಲ್ಲ. ಬಿಟ್ಟರೆ ಉಸಿರಾಟದ ಮುಖವಾಡ ಕೆನ್ನೆಗೆ ಅಂಟಿ ಕೂರುವುದಿಲ್ಲ. ಆದರೂ ನಮ್ಮ ಮೇಸ್ತ್ರಿ, ನಮ್ಮೂರಿನವನೇ ಆದ ಪಾಂಡೆಲಿಸ್, "ಅಪ್ಪನ ಸೂತಕ ಕಣೋ, ಇರ್ಲಿ ಬಿಡು. ನಾನ್ ನೋಡ್ಕೋತೀನಿ" ಎಂದಿದ್ದ.

ಸೋಮವಾರ ಕೆಳಗಿನ ಅಂತಸ್ತಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂತು, ಮರುಕ್ಷಣವೇ ನಿಂತಿತು. ವಿಷಾನಿಲ ಹೆಚ್ಚಾದಾಗ ಮೂಗೇ ಸತ್ತುಹೋಗುತ್ತದೆ. ಎದೆಗೆ ಸಿಕ್ಕಿಸಿದ್ದ ಮಾಪಕ ಮಾತ್ರ ಕೂಗುತ್ತಲೇ ಇತ್ತು. ಮುಖವಾಡ ಹಾಕಿಕೊಂಡೆ. ಗಡ್ಡದ ಸಂದಿಯಿಂದ ಅನಿಲ ಒಳಗೆ ನುಗ್ಗಿತು, ಬಿದ್ದುಬಿಟ್ಟೆ. ಅಷ್ಟರಲ್ಲಿ ಮೇಲೆ ಹತ್ತಿದ್ದ ಪಾಂಡೆಲಿಸ್ ಇಳಿದು ಬಂದು ನನ್ನನ್ನು ಏಣಿಯವರೆಗೆ ಎಳೆದ. ಎಳೆಯುವಾಗ ಅವನ ಮುಖವಾಡ ಕಳಚಿತಂತೆ. ನಾನು ಉಳಿದೆ.

ಅಪ್ಪನ ನಲವತ್ತನೇ ದಿನ ಇಗರ್ಜಿಯಲ್ಲಿ ಹಂಚಲು ಗೋಧಿ ಬೇಯಿಸುವಾಗ ಪಾಂಡೆಲಿಸ್‌ನ ಪಾಲಿಗೂ ಎರಡು ಹಿಡಿ ಹಾಕು. ಪ್ರಾರ್ಥನೆಗೆಂದು ಪಾದ್ರಿಗಳಿಗೆ ಕೊಡುವ ಸತ್ತವರ ಚೀಟಿಯಲ್ಲಿ ಅವನ ಹೆಸರೂ ಬರೆ. ಅವನ ತಾಯಿಯನ್ನು ನೋಡಿಕೊಂಡು ಬಾ. ಕೇಳಿದರೆ ಗಡ್ಡದ ವಿಷಯ ಮುಚ್ಚಿಡಬೇಡ.

ಅವನಿಗೂ ನಲವತ್ತು ದಿನ ಸೂತಕ ಹಿಡಿದಿದ್ದೇನೆ, ಅಮ್ಮ. ದಿನಾ ಬೆಳಿಗ್ಗೆ ಗಡ್ಡ ಬೋಳಿಸುತ್ತಿದ್ದೇನೆ.

ನಿನ್ನ ಮಗ,
ಸ್ಟ್ರಾಟಿಸ್